ಮಾನವ ಜೀವದ ಆರ್ಥಿಕ ಮೌಲ್ಯಮಾಪನ

ಮಾನವ ಜೀವದ ಆರ್ಥಿಕ ಮೌಲ್ಯಮಾಪನ ಎಂದರೆ ಸರ್ಕಾರ, ನ್ಯಾಯಾಲಯ ಮತ್ತು ಯೋಜನಾ ಸಂಸ್ಥೆಗಳು ಮನುಷ್ಯನ ಸಾವನ್ನು ಅಥವಾ ಸಾವಿನ ಅಪಾಯವನ್ನು ಹಣದ ಲೆಕ್ಕದಲ್ಲಿ ಅಳೆಯುವ ಕ್ರಮ. ಇದಕ್ಕೆ ಎರಡು ಮುಖಗಳಿವೆ. ಸಾವು ಸಂಭವಿಸುವ ಮೊದಲೇ, ಅದನ್ನು ತಪ್ಪಿಸಲು ಎಷ್ಟು ಹಣ ವ್ಯಯಿಸಬಹುದು ಎಂದು ನಿರ್ಧರಿಸುವುದು ಒಂದು. ಸಾವು ಸಂಭವಿಸಿದ ಮೇಲೆ ಕುಟುಂಬಕ್ಕೆ ಎಷ್ಟು ಪರಿಹಾರ ನೀಡಬೇಕು ಎಂದು ನಿಗದಿಪಡಿಸುವುದು ಇನ್ನೊಂದು. ಎಲ್ಲ ಇಲಾಖೆಗಳಿಗೂ ಸಮಾನವಾಗಿ ಅನ್ವಯವಾಗುವ ಅಧಿಕೃತ ಜೀವಮೌಲ್ಯ ಭಾರತದಲ್ಲಿಲ್ಲ. ಪರಿಣಾಮವಾಗಿ ಇಲ್ಲಿ ಪರಿಹಾರದ ಮೊತ್ತವು ವ್ಯಕ್ತಿ ಹೇಗೆ ಸತ್ತ, ಆ ಸಾವು ಯಾವ ಕಾಯಿದೆಯ ಅಥವಾ ಯಾವ ನಿಧಿಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನಂತಹ, ಹೆದ್ದಾರಿ, ರೈಲುಮಾರ್ಗ, ಕಾಡು, ನದಿ ಮತ್ತು ಕಾರ್ಖಾನೆಗಳು ಒಟ್ಟಿಗೇ ಇರುವ ಪ್ರದೇಶದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಹಿನ್ನೆಲೆ

ಸಾವಿಗೆ ಪ್ರತಿಯಾಗಿ ಕುಟುಂಬಕ್ಕೆ ಆಸ್ತಿ ಕೊಡುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಯುದ್ಧದಲ್ಲಿ ಅಥವಾ ತುರುಗೋಳಿನಲ್ಲಿ ಮಡಿದ ವೀರನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖಗಳು ಶಾಸನಗಳಲ್ಲಿವೆ. ಈ ದತ್ತಿಯನ್ನು ನೆತ್ತರುಗೊಡಗಿ ಎಂದು ಕರೆಯಲಾಗುತ್ತಿತ್ತು. ಅದು ಒಡೆಯನು ಸೇವೆಗೆ ಸಲ್ಲಿಸುತ್ತಿದ್ದ ಗೌರವವಾಗಿತ್ತೇ ಹೊರತು ಸತ್ತವನ ಗಳಿಕೆಯ ಲೆಕ್ಕವಾಗಿರಲಿಲ್ಲ. ಗಳಿಕೆಯ ನಷ್ಟವನ್ನು ಆಧಾರವಾಗಿಟ್ಟುಕೊಂಡ ಪರಿಹಾರವು ಬ್ರಿಟಿಷ್ ಆಡಳಿತದ ಕಾಲದಲ್ಲಿ, 1855ರ ಮಾರಣಾಂತಿಕ ಅಪಘಾತಗಳ ಕಾಯಿದೆಯ ಮೂಲಕ ಬಂದಿತು. ಕಾರ್ಮಿಕರಿಗಾಗಿ 1923ರಲ್ಲಿ ಪ್ರತ್ಯೇಕ ಪರಿಹಾರ ಕಾಯಿದೆ ರೂಪುಗೊಂಡಿತು.

ಸಾಂಖ್ಯಿಕ ಜೀವದ ಮೌಲ್ಯ

ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಗೊತ್ತಿರುವ ಒಬ್ಬ ವ್ಯಕ್ತಿಯ ಜೀವಕ್ಕೂ ಜನಸಮೂಹದಲ್ಲಿ ಯಾರದೆಂದು ತಿಳಿಯದ ಒಂದು ಜೀವಕ್ಕೂ ಇರುವ ಭೇದವನ್ನು ವಿವರಿಸಿದರು. ಎರಡನೆಯದನ್ನು ಸಾಂಖ್ಯಿಕ ಜೀವ ಎನ್ನುತ್ತಾರೆ. ಉದಾಹರಣೆಗೆ, ಒಂದು ರಸ್ತೆಯನ್ನು ನಿತ್ಯ ಬಳಸುವ 10,000 ಜನರಿದ್ದು, ಸಾವಿನ ಅಪಾಯ ಹತ್ತು ಸಾವಿರದಲ್ಲಿ ಒಂದರಷ್ಟು ಕಡಿಮೆಯಾಗಲು ಪ್ರತಿಯೊಬ್ಬರೂ 500 ರೂಪಾಯಿ ಕೊಡಲು ಸಿದ್ಧರಿದ್ದರೆ, ಅವರೆಲ್ಲರೂ ಸೇರಿ ಒಂದು ಸಾವನ್ನು ತಪ್ಪಿಸಲು 50 ಲಕ್ಷ ರೂಪಾಯಿ ಕೊಟ್ಟಂತಾಗುತ್ತದೆ. ಈ ಮೊತ್ತವೇ ಸಾಂಖ್ಯಿಕ ಜೀವದ ಮೌಲ್ಯ. ತಡೆಗೋಡೆಗೆ ತಗಲುವ ಖರ್ಚು ಇದಕ್ಕಿಂತ ಕಡಿಮೆಯಿದ್ದರೆ ಯೋಜನೆ ಲಾಭದಾಯಕವೆಂದು ಪರಿಗಣಿತವಾಗುತ್ತದೆ. ಇದು ನಿರ್ದಿಷ್ಟ ವ್ಯಕ್ತಿಯೊಬ್ಬನ ಬೆಲೆಯಲ್ಲ, ಅಪಾಯವನ್ನು ತಗ್ಗಿಸುವುದರ ಬೆಲೆ.

ಅಮೆರಿಕದ ಸಾರಿಗೆ ಇಲಾಖೆ 2023ಕ್ಕೆ ಈ ಮೌಲ್ಯವನ್ನು 1.32 ಕೋಟಿ ಡಾಲರ್ ಎಂದು ನಿಗದಿಪಡಿಸಿತ್ತು. ಭಾರತದಲ್ಲಿ ಇಂತಹ ಅಂದಾಜುಗಳು ಸಂಶೋಧಕರವು ಮಾತ್ರ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಎಸ್. ಮಾದೇಶ್ವರನ್ ಅವರು ಚೆನ್ನೈ ಮತ್ತು ಮುಂಬೈ ಕಾರ್ಮಿಕರ ಕೂಲಿಯನ್ನು ಅವರ ಕೆಲಸದ ಅಪಾಯದೊಂದಿಗೆ ಹೋಲಿಸಿ ಸುಮಾರು 1.5 ಕೋಟಿ ರೂಪಾಯಿಯ ಅಂದಾಜು ನೀಡಿದರು. ಅದೇ ಅವಧಿಯಲ್ಲಿ ಸೋಮಾ ಭಟ್ಟಾಚಾರ್ಯ, ಅನ್ನಾ ಆಲ್ಬೆರಿನಿ ಮತ್ತು ಮೌರೀನ್ ಕ್ರಾಪರ್ ಅವರು ದೆಹಲಿಯ ಪ್ರಯಾಣಿಕರನ್ನು ಪ್ರಶ್ನಿಸಿ ನಡೆಸಿದ ಅಧ್ಯಯನದಲ್ಲಿ ಬಂದದ್ದು ಸುಮಾರು 13 ಲಕ್ಷ ರೂಪಾಯಿ. ಹತ್ತು ಪಟ್ಟಿಗೂ ಮಿಕ್ಕ ಈ ಅಂತರದಿಂದಾಗಿ, ಯಾವ ಅಂದಾಜನ್ನು ಆರಿಸಿಕೊಂಡರು ಎಂಬುದರ ಮೇಲೆಯೇ ಒಂದು ಮೇಲ್ಸೇತುವೆಯ ಅಗತ್ಯ ನಿರ್ಧಾರವಾಗಬಹುದು.

ಬೆಳಗಾವಿ–ಖಾನಾಪುರ: ರಸ್ತೆ ಮತ್ತು ರೈಲು

ಬೆಳಗಾವಿಯಿಂದ ಖಾನಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 748 ಮತ್ತು ಲೋಂಡಾ ಕಡೆಗೆ ಸಾಗುವ ರೈಲುಮಾರ್ಗ ಎರಡೂ ಇವೆ. ರೈಲು ಅಪಘಾತದಲ್ಲಿ ಪ್ರಯಾಣಿಕ ಸತ್ತರೆ, 2017ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ 8 ಲಕ್ಷ ರೂಪಾಯಿ ಪರಿಹಾರ ನಿಗದಿಯಾಗಿದೆ. ಸತ್ತವರು ಕೂಲಿಯವರೇ, ಅಧಿಕಾರಿಯೇ ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಆದರೆ ಹಳಿ ದಾಟುತ್ತಿದ್ದ ಪಾದಚಾರಿಯ ಸಾವಿಗೆ ಈ ಪರಿಹಾರ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಅದೇ ದಾರಿಯಲ್ಲಿ ಬಸ್ಸು ಅಥವಾ ಬೈಕಿನಲ್ಲಿ ಹೋಗುವಾಗ ಇನ್ನೊಂದು ವಾಹನದ ತಪ್ಪಿನಿಂದ ಸಾವು ಸಂಭವಿಸಿದರೆ ಪ್ರಕರಣವು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿಂದ ಮೇಲ್ಮನವಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಸಲ್ಲುತ್ತದೆ. ಇಲ್ಲಿ ಮೊತ್ತ ನಿಶ್ಚಿತವಲ್ಲ. ಆದಾಯ, ವಯಸ್ಸು ಮತ್ತು ಅವಲಂಬಿತರ ಸಂಖ್ಯೆಯಿಂದ ಅದನ್ನು ಲೆಕ್ಕ ಹಾಕಲಾಗುತ್ತದೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಈ ಲೆಕ್ಕವೇ ಇಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ ಯೋಜನೆಯಡಿ ಇಂತಹ ಗುದ್ದೋಡು ಪ್ರಕರಣದಲ್ಲಿ ಮೃತರ ಕುಟುಂಬಕ್ಕೆ ದೊರೆಯುವುದು 2 ಲಕ್ಷ ರೂಪಾಯಿ. ಅದಕ್ಕೂ ಮೊದಲು ಈ ಮೊತ್ತ ಕೇವಲ 25,000 ರೂಪಾಯಿಯಾಗಿತ್ತು. ವಾಹನದ ನೋಂದಣಿ ಸಂಖ್ಯೆಯನ್ನು ಯಾರಾದರೂ ಗಮನಿಸಿದ್ದರೇ ಎಂಬ ಆಕಸ್ಮಿಕ ಸಂಗತಿ, ಕುಟುಂಬಕ್ಕೆ 2 ಲಕ್ಷ ಬರುತ್ತದೆಯೇ 20 ಲಕ್ಷ ಬರುತ್ತದೆಯೇ ಎಂಬುದನ್ನು ತೀರ್ಮಾನಿಸಬಲ್ಲದು.

ಗುಣಕ ಪದ್ಧತಿ

ರಸ್ತೆ ಅಪಘಾತಗಳ ಲೆಕ್ಕಕ್ಕೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳು ಆಧಾರ: 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣ. ಮೃತರ ಆದಾಯಕ್ಕೆ ಭವಿಷ್ಯದ ಏರಿಕೆಯನ್ನು ಸೇರಿಸಿ, ಅವರ ಸ್ವಂತ ಖರ್ಚಿನ ಪಾಲನ್ನು ಕಳೆದು, ಉಳಿದ ವಾರ್ಷಿಕ ಮೊತ್ತವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತದೆ. ಗುಣಕವು 25 ವರ್ಷದವರೆಗಿನ ಯುವಕರಿಗೆ 18, 26ರಿಂದ 30 ವರ್ಷದವರಿಗೆ 17, 65 ದಾಟಿದವರಿಗೆ 5.

ತಿಂಗಳಿಗೆ 10,000 ರೂಪಾಯಿ ಗಳಿಸುತ್ತಿದ್ದ 30 ವರ್ಷದ ಹೆಂಚಿನ ಕಾರ್ಖಾನೆಯ ಕೂಲಿಕಾರನೊಬ್ಬನಿಗೆ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ ಇದ್ದಾರೆ ಎಂದಿಟ್ಟುಕೊಂಡರೆ, ಶೇ. 40ರಷ್ಟು ಏರಿಕೆ ಸೇರಿ ಆದಾಯ 14,000 ಆಗುತ್ತದೆ. ನಾಲ್ಕನೇ ಒಂದು ಭಾಗ ಕಳೆದರೆ 10,500, ವರ್ಷಕ್ಕೆ 1,26,000, 17ರಿಂದ ಗುಣಿಸಿದರೆ 21,42,000 ರೂಪಾಯಿ. ಅಂತ್ಯಕ್ರಿಯೆ, ಸಾಂಗತ್ಯ ನಷ್ಟ ಮುಂತಾದವುಗಳಿಗೆ ಇದರ ಮೇಲೆ ಸಣ್ಣ ಮೊತ್ತಗಳು ಸೇರುತ್ತವೆ. ಅದೇ ವಯಸ್ಸಿನ, ಅಷ್ಟೇ ಅವಲಂಬಿತರಿರುವ, 40,000 ರೂಪಾಯಿ ಸಂಬಳದ ಕಾಯಂ ನೌಕರನಿಗೆ ಏರಿಕೆಯ ಪ್ರಮಾಣ ಶೇ. 50, ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ 91,80,000 ರೂಪಾಯಿ. ಕೂಲಿಕಾರ ಅವಿವಾಹಿತನಾಗಿದ್ದರೆ ಅರ್ಧ ಆದಾಯವನ್ನು ಸ್ವಂತ ಖರ್ಚೆಂದು ಕಳೆಯುವುದರಿಂದ ಮೊತ್ತ 14,28,000ಕ್ಕೆ ಇಳಿಯುತ್ತದೆ.

ಕೂಲಿಕಾರರ ಬಳಿ ಸಂಬಳದ ಚೀಟಿ ಇರುವುದು ಅಪರೂಪ. ಆದಾಯಕ್ಕೆ ದಾಖಲೆ ಇಲ್ಲದಿದ್ದಾಗ ಕರ್ನಾಟಕದ ನ್ಯಾಯಾಲಯಗಳು, ಲೋಕ ಅದಾಲತ್‌ಗಳಿಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಸಿದ್ಧಪಡಿಸಿರುವ ವರ್ಷವಾರು ಕಾಲ್ಪನಿಕ ಆದಾಯದ ಪಟ್ಟಿಯನ್ನು ಅನುಸರಿಸುವುದುಂಟು. ಹೀಗಾಗಿ ದಾಖಲೆಯಿಲ್ಲದ ಕುಶಲ ಕೆಲಸಗಾರನೂ ಸಾಮಾನ್ಯ ಕೂಲಿಯವನೂ ಒಂದೇ ಅಂಕಿಗೆ ಬಂದು ನಿಲ್ಲಬಹುದು.

ಗೃಹಿಣಿಯರಿಗೆ ಆದಾಯವೇ ಇಲ್ಲವೆಂಬ ವಾದ ಬಹುಕಾಲ ನಡೆಯಿತು. 1989ರ ಜಮ್‌ಶೆಡ್‌ಪುರ ಅಗ್ನಿ ದುರಂತಕ್ಕೆ ಸಂಬಂಧಿಸಿದ ಲತಾ ವಾಧ್ವಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಗೃಹಿಣಿಯ ಸೇವೆಯ ಮೌಲ್ಯವನ್ನು ತಿಂಗಳಿಗೆ 3,000 ರೂಪಾಯಿ ಎಂದು ಎಣಿಸಿತು. 2021ರ ಕೀರ್ತಿ ಪ್ರಕರಣದಲ್ಲಿ ಗೃಹಿಣಿಯ ಕಾಲ್ಪನಿಕ ಆದಾಯಕ್ಕೂ ಭವಿಷ್ಯದ ಏರಿಕೆಯನ್ನು ಸೇರಿಸಬಹುದೆಂದು ಹೇಳಿತು.

ಕಾರ್ಖಾನೆ ಮತ್ತು ಗೂಡುಗಳು

ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಾಗಲಿ ಖಾನಾಪುರದ ಹೆಂಚಿನ ಕಾರ್ಖಾನೆಗಳಲ್ಲಾಗಲಿ ಕೆಲಸದ ವೇಳೆ ಸಂಭವಿಸುವ ಸಾವಿಗೆ ಸೂತ್ರವೇ ಬೇರೆ. 1923ರ ಕಾಯಿದೆಯಲ್ಲಿ ಮಾಸಿಕ ಕೂಲಿಯ ಅರ್ಧವನ್ನು ವಯಸ್ಸಿನ ಅಂಶದಿಂದ ಗುಣಿಸಲಾಗುತ್ತಿತ್ತು. 30 ವರ್ಷಕ್ಕೆ ಆ ಅಂಶ 207.98 ಆಗಿತ್ತು. ಲೆಕ್ಕಕ್ಕೆ ಹಿಡಿಯುವ ಕೂಲಿಗೆ 2020ರ ಜನವರಿಯಲ್ಲಿ 15,000 ರೂಪಾಯಿಯ ಮಿತಿ ಗೊತ್ತುಪಡಿಸಲಾಯಿತು. ಆ ಮಿತಿಯಂತೆ 30 ವರ್ಷದ ಕಾರ್ಮಿಕನಿಗೆ ಗರಿಷ್ಠ 15,59,850 ರೂಪಾಯಿ ಬರುತ್ತಿತ್ತು. ಕಾರ್ಖಾನೆಯ ಒಳಗೆ ಸತ್ತರೆ ಈ ಮಿತಿ ಇತ್ತು, ಹೊರಗಿನ ರಸ್ತೆಯಲ್ಲಿ ಸತ್ತರೆ ಇರಲಿಲ್ಲ.

ಕಾಡು, ನೆರೆ ಮತ್ತು ಹೊಲ

ಖಾನಾಪುರದ ಪಶ್ಚಿಮ ಭಾಗ ಸಹ್ಯಾದ್ರಿಯ ದಟ್ಟ ಕಾಡು. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮ ಇಲ್ಲಿದೆ. ಕರಡಿ ಮತ್ತು ಆನೆಗಳ ಸಂಚಾರವೂ ಇದೆ. ವನ್ಯಜೀವಿ ದಾಳಿಯಿಂದಾದ ಸಾವಿಗೆ ರಾಜ್ಯ ಸರ್ಕಾರವು 2022ರ ಕೊನೆಯಲ್ಲಿ ಪರಿಹಾರವನ್ನು 7.5 ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿಸಿತು. ಹಾವು ಕಡಿದು ಸತ್ತ ರೈತನ ವಿಷಯ ಅರಣ್ಯ ಇಲಾಖೆಗೆ ಬರುವುದಿಲ್ಲ. ಕೃಷಿ ಇಲಾಖೆಯ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಸಿಗುತ್ತದೆ. ಹಾವೂ ಕಾಡುಪ್ರಾಣಿಯೇ ಎಂಬ ಆಕ್ಷೇಪಕ್ಕೆ ಈ ವಿಂಗಡಣೆಯಲ್ಲಿ ಸಮಾಧಾನಕರ ಉತ್ತರವಿಲ್ಲ.

ಮಲಪ್ರಭಾ ನದಿ ಹುಟ್ಟುವುದು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ. 2019ರ ಆಗಸ್ಟ್‌ನ ನೆರೆಯಲ್ಲಿ ಬೆಳಗಾವಿ ಜಿಲ್ಲೆ ತೀವ್ರ ಹಾನಿ ಅನುಭವಿಸಿತು. ಪ್ರಕೃತಿ ವಿಕೋಪದ ಸಾವಿಗೆ ವಿಪತ್ತು ಸ್ಪಂದನಾ ನಿಧಿಯಿಂದ 4 ಲಕ್ಷ ರೂಪಾಯಿ ನೀಡುವ ಮಾನದಂಡ 2015ರಿಂದ ಇದ್ದು, ಕರ್ನಾಟಕ ಸರ್ಕಾರ ಅದನ್ನು 5 ಲಕ್ಷಕ್ಕೆ ತುಂಬಿಕೊಡುತ್ತ ಬಂದಿದೆ. ಆತ್ಮಹತ್ಯೆ ಮಾಡಿಕೊಂಡ ರೈತರ ಕುಟುಂಬಕ್ಕೆ ನೀಡುವ ಪರಿಹಾರವನ್ನೂ 2015ರಲ್ಲಿ 2 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಅದಕ್ಕೆ ಪಹಣಿ ಮತ್ತು ಸಾಲದ ದಾಖಲೆ ಬೇಕು. ಲೇವಾದೇವಿಯವರಿಂದ ಬಾಯಿಮಾತಿನಲ್ಲಿ ತಂದ ಸಾಲವನ್ನು ಸಾಬೀತುಪಡಿಸುವುದು ಕುಟುಂಬಗಳಿಗೆ ಕಷ್ಟವಾಗುತ್ತದೆ.

ಕೋವಿಡ್ ಪರಿಹಾರ

ಸಾವಿನ ಸಂಖ್ಯೆ ಹೆಚ್ಚಿದಾಗ ಮೊತ್ತ ಕುಗ್ಗುತ್ತದೆ ಎಂಬುದಕ್ಕೆ ಕೋವಿಡ್ ಸ್ಪಷ್ಟ ನಿದರ್ಶನ. ಮೃತರ ಕುಟುಂಬಗಳಿಗೆ ವಿಪತ್ತಿನ ಮಾನದಂಡದಂತೆ 4 ಲಕ್ಷ ನೀಡಬೇಕೆಂಬ ಅರ್ಜಿಗೆ ಕೇಂದ್ರ ಸರ್ಕಾರ, ಹಾಗೆ ಮಾಡಿದರೆ ವಿಪತ್ತು ನಿಧಿಯೇ ಬರಿದಾಗುತ್ತದೆ ಎಂದು ಉತ್ತರಿಸಿತು. ಸರ್ವೋಚ್ಚ ನ್ಯಾಯಾಲಯ 2021ರ ಜೂನ್ 30ರಂದು, ಪರಿಹಾರ ನೀಡುವುದು ಕಡ್ಡಾಯ, ಆದರೆ ಮೊತ್ತವನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೇ ನಿರ್ಧರಿಸಲಿ ಎಂದಿತು. ಕೊನೆಗೆ ನಿಗದಿಯಾದದ್ದು 50,000 ರೂಪಾಯಿ. ಕರ್ನಾಟಕವು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಪ್ರತ್ಯೇಕವಾಗಿ 1 ಲಕ್ಷ ರೂಪಾಯಿ ಘೋಷಿಸಿತು.

ಟೀಕೆ

ಗಳಿಕೆಯ ಆಧಾರದ ಲೆಕ್ಕವು ಬದುಕಿನ ಅಸಮಾನತೆಯನ್ನು ಸಾವಿನ ನಂತರವೂ ಮುಂದುವರಿಸುತ್ತದೆ ಎಂಬುದು ಮುಖ್ಯ ಆಕ್ಷೇಪ. ಇದಕ್ಕೆ ಪ್ರತಿಯಾಗಿ, ಪರಿಹಾರದ ಉದ್ದೇಶ ಸತ್ತವರ ಬೆಲೆ ಕಟ್ಟುವುದಲ್ಲ, ಅವರನ್ನು ನಂಬಿದವರ ನಷ್ಟ ತುಂಬುವುದು ಎಂದು ಸಮರ್ಥಕರು ವಾದಿಸುತ್ತಾರೆ. ಈ ಸಮರ್ಥನೆ ನ್ಯಾಯಮಂಡಳಿಯ ಲೆಕ್ಕಕ್ಕೆ ಒಪ್ಪುತ್ತದೆ. ಅವಲಂಬಿತರು ಎಷ್ಟೇ ಇದ್ದರೂ ಬದಲಾಗದ ಸರ್ಕಾರಿ ಪರಿಹಾರಧನಕ್ಕೆ ಒಪ್ಪುವುದಿಲ್ಲ. ವಯಸ್ಸಿನ ಪ್ರಶ್ನೆಯೂ ವಿವಾದಾತ್ಮಕ. 2003ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಒಂದು ವಿಶ್ಲೇಷಣೆಯಲ್ಲಿ 70 ವರ್ಷ ಮೀರಿದವರ ಜೀವಕ್ಕೆ ಶೇ. 37ರಷ್ಟು ಕಡಿಮೆ ಮೌಲ್ಯ ಹಿಡಿದು ವೃದ್ಧರ ಸಂಘಟನೆಗಳ ತೀವ್ರ ವಿರೋಧ ಎದುರಿಸಿತು ಮತ್ತು ಆ ಕ್ರಮವನ್ನು ಕೈಬಿಟ್ಟಿತು. ಭಾರತದ ಗುಣಕ ಪಟ್ಟಿಯಲ್ಲಿ ವಯಸ್ಸಿನ ಕಡಿತ ಇದಕ್ಕಿಂತ ಬಹಳ ಹೆಚ್ಚಿದ್ದರೂ ಅಂತಹ ಸಾರ್ವಜನಿಕ ಚರ್ಚೆ ಇಲ್ಲಿ ನಡೆದಿಲ್ಲ.