ಮಳೆಗಾಲಕ್ಕೆ ಮುನ್ನ ಅಕ್ರಾಕ್ಕೆ ಹೊರಟಿದ್ದೀರಾ? ಜ್ವರದ ವಿಷಯ ಮೊದಲು ತಿಳಿದುಕೊಳ್ಳಿ

ಕಂಪನಿ ಕೆಲಸಕ್ಕೋ, ಅಲ್ಲಿ ನೆಲೆಸಿರುವ ಮಗಳ ಮನೆಗೋ, ಘಾನಾ ದೇಶದ ರಾಜಧಾನಿ ಅಕ್ರಾಕ್ಕೆ ನೀವು ಮಾರ್ಚ್ ಕೊನೆಯಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಪಶ್ಚಿಮ ಆಫ್ರಿಕಾದ ಈ ಕರಾವಳಿ ನಗರದಲ್ಲಿ ಆಗ ಮಳೆಯಿಲ್ಲದ ಕಾಲ ಮುಗಿಯುತ್ತಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಹಾರಾ ಕಡೆಯಿಂದ ದೂಳು ಹೊತ್ತು ಬೀಸುವ ಹರ್ಮಟಾನ್ ಗಾಳಿ ನಿಂತು, ಸಮುದ್ರದ ತೇವ ಮರಳಿರುತ್ತದೆ. ಮಧ್ಯಾಹ್ನದ ಉಷ್ಣಾಂಶ 32-33 ಡಿಗ್ರಿ. ಚೆನ್ನೈಯವರಿಗೆ, ಮುಂಬೈಯವರಿಗೆ ಇದೇನೂ ಹೊಸದಲ್ಲ. ಏಪ್ರಿಲ್‌ನಲ್ಲಿ ಮಳೆ ಶುರುವಾಗಿ ಜೂನ್‌ನಲ್ಲಿ ಜೋರಾಗುತ್ತದೆ.

‘ಮಳೆಯೇ ಇಲ್ಲ, ಸೊಳ್ಳೆ ಎಲ್ಲಿಂದ ಬರಬೇಕು?’ ಎಂದು ಹಲವರು ಮಾತ್ರೆ ಬಿಟ್ಟು ಹೊರಡುವುದು ಇದೇ ಸಮಯದಲ್ಲಿ. ಈ ಲೆಕ್ಕ ತಪ್ಪು, ಅಪಾಯಕಾರಿಯೂ ಹೌದು.

ಒಣ ದಿನಗಳಲ್ಲೂ ಸೊಳ್ಳೆ ಏಕೆ?

ಘಾನಾದಲ್ಲಿ ಮಲೇರಿಯಾ ವರ್ಷವಿಡೀ ಇರುತ್ತದೆ. ಹಳ್ಳಿಗಳಿಗೆ ಹೋಲಿಸಿದರೆ ಅಕ್ರಾ ನಗರದಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ನಗರದೊಳಗೇ ತರಕಾರಿ ಬೆಳೆಯುವ ತೋಟಗಳಿವೆ. ಅಲ್ಲಿ ನೀರಾವರಿಗೆ ತೋಡಿದ ಗುಂಡಿಗಳಲ್ಲಿ ಸೊಳ್ಳೆ ಮರಿಯಾಗುತ್ತದೆ. ನಲ್ಲಿ ನೀರು ಸರಿಯಾಗಿ ಬಾರದ ದಿನಗಳಲ್ಲಿ ಮನೆಗಳವರು ಡ್ರಮ್ಮು, ಟ್ಯಾಂಕುಗಳಲ್ಲಿ ನೀರು ತುಂಬಿಡುತ್ತಾರೆ. ಸೊಳ್ಳೆಗೆ ಅಷ್ಟು ಸಾಕು. ಇನ್ನೊಂದು ಸಂಗತಿ ನಮಗೆ ನೇರವಾಗಿ ಸಂಬಂಧಿಸಿದ್ದು. ಭಾರತದ ನಗರಗಳಲ್ಲಿ ಬಾವಿ, ಓವರ್‌ಹೆಡ್ ಟ್ಯಾಂಕುಗಳಲ್ಲಿ ಮೊಟ್ಟೆಯಿಟ್ಟು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ 2022ರಲ್ಲಿ ಅಕ್ರಾದಲ್ಲೂ ಪತ್ತೆಯಾಗಿದೆ. ನಮ್ಮ ಮಹಡಿಯ ಮೇಲಿನ ಹಳೆಯ ನೆಂಟ ಅಲ್ಲಿಗೂ ಹೋಗಿ ಕುಳಿತಿದ್ದಾನೆ.

ಮೊದಲ ಮಳೆ ಬಿದ್ದು ಒಂದೆರಡು ವಾರಗಳಲ್ಲಿ ಸೊಳ್ಳೆಗಳ ಸಂಖ್ಯೆ ಏರತೊಡಗುತ್ತದೆ. ನೀವು ಒಣ ಹವೆಯಲ್ಲಿ ಇಳಿದು ಮೂರು ವಾರ ಇದ್ದರೆ, ಹೊರಡುವ ಹೊತ್ತಿಗೆ ಊರಿನ ಸ್ಥಿತಿಯೇ ಬೇರೆಯಾಗಿರಬಹುದು.

‘ನಮಗೆ ಮಲೇರಿಯಾ ಹೊಸದಲ್ಲ’ ಎನ್ನುವವರಿಗೆ

ಮಂಗಳೂರಿನಲ್ಲಿ ಬೆಳೆದವರು ಈ ಮಾತು ಹೇಳುವುದುಂಟು. ಆದರೆ ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ. ಅದು ಮೈ ಹಣ್ಣು ಮಾಡುತ್ತದೆ, ಮರುಕಳಿಸುತ್ತದೆ, ಜೀವ ತೆಗೆಯುವುದು ಅಪರೂಪ. ಘಾನಾದಲ್ಲಿ ಬಹುಪಾಲು ಫಾಲ್ಸಿಪ್ಯಾರಂ. ಈ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ರಕ್ತ ಸಂಚಾರಕ್ಕೆ ಅಡ್ಡಿಯಾಗುತ್ತವೆ. ಮಿದುಳಿನಲ್ಲಿ ಹಾಗಾದರೆ ಪ್ರಜ್ಞೆ ತಪ್ಪುತ್ತದೆ. ಮೂತ್ರಪಿಂಡ, ಶ್ವಾಸಕೋಶಗಳಿಗೂ ಪೆಟ್ಟು ಬೀಳಬಹುದು. ಚಿಕಿತ್ಸೆ ಸಿಗದಿದ್ದರೆ ಜ್ವರ ಶುರುವಾದ 24 ಗಂಟೆಗಳಲ್ಲೇ ಸ್ಥಿತಿ ಗಂಭೀರವಾಗಬಹುದು. ಬಾಲ್ಯದಲ್ಲಿ ಬಂದುಹೋದ ಮಲೇರಿಯಾ ಈಗ ನಿಮ್ಮನ್ನು ಕಾಯುವುದಿಲ್ಲ. ಘಾನಾದಲ್ಲೇ ಹುಟ್ಟಿ ಬೆಳೆದವರು ಹಲವು ವರ್ಷ ಹೊರಗಿದ್ದು ಮರಳಿದರೂ ಅವರ ರೋಗನಿರೋಧಕ ಶಕ್ತಿ ಕುಂದಿರುತ್ತದೆ.

ಯಾವ ಮಾತ್ರೆ?

ಇದನ್ನು ವೈದ್ಯರೇ ಬರೆದುಕೊಡಬೇಕು. ಪ್ರಯಾಣಕ್ಕೆ ನಾಲ್ಕು ವಾರ ಮೊದಲೇ ಭೇಟಿಯಾಗಿ. ಹಳೆಯ ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ.

ಆರು ವಾರಕ್ಕಿಂತ ಕಡಿಮೆ ಇರುವವರಿಗೆ ಭಾರತದಲ್ಲಿ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಕೊಡುತ್ತಾರೆ: ಹೊರಡುವ ಎರಡು ದಿನ ಮೊದಲು ಆರಂಭಿಸಿ, ಅಲ್ಲಿರುವಷ್ಟು ದಿನವೂ ತೆಗೆದುಕೊಂಡು, ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಅಗ್ಗದ ಮಾತ್ರೆ, ಎಲ್ಲೆಡೆ ಸಿಗುತ್ತದೆ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಬೇಡ. ಊಟದ ಜೊತೆ ತುಂಬು ಲೋಟ ನೀರಿನಲ್ಲಿ ನುಂಗಿ. ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಈ ಮಾತ್ರೆ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ ಎಂಬುದೂ ನೆನಪಿರಲಿ. ಅಕ್ರಾ ಇರುವುದು ಭೂಮಧ್ಯರೇಖೆಯಿಂದ ಐದೂವರೆ ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಮೊದಲ ವಾರ ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಟೋಪಿ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಬೇಕು.

ಹೆಚ್ಚು ಕಾಲ ಇರುವವರಿಗೆ ವಾರಕ್ಕೊಂದು ಮೆಫ್ಲೋಕ್ವಿನ್ ಇದೆ. ಖಿನ್ನತೆ, ಆತಂಕದ ಕಾಯಿಲೆ ಅಥವಾ ಮೂರ್ಛೆರೋಗ ಇದ್ದವರು ಅದನ್ನು ತೆಗೆದುಕೊಳ್ಳಬಾರದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆಯನ್ನು ಮರಳಿದ ಮೇಲೆ ಏಳೇ ದಿನ ತೆಗೆದುಕೊಂಡರೆ ಸಾಕು, ಆದರೆ ನಮ್ಮಲ್ಲಿ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವುದಿಲ್ಲ.

ಮಾತ್ರೆಯೊಂದೇ ಸಾಲದು. ಸಂಜೆಯಿಂದ ಬೆಳಗಿನವರೆಗೆ ಮೈ ಮುಚ್ಚುವ ಬಟ್ಟೆ, ಸೊಳ್ಳೆ ಪರದೆ, ಮೈಗೆ ಡೀಟ್ ಇರುವ ಕ್ರೀಮು ಬೇಕು. ನಮ್ಮಲ್ಲಿ ಮಾರುವ ಹಲವು ಕ್ರೀಮುಗಳಲ್ಲಿ ಡೀಟ್ ಪ್ರಮಾಣ ಕಡಿಮೆ. ಹಾಗಾಗಿ ಕೆಲವು ಗಂಟೆಗಳಿಗೊಮ್ಮೆ ಮತ್ತೆ ಹಚ್ಚಬೇಕು. ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಸೊಳ್ಳೆ ಕ್ರೀಮು.

ಹಳದಿ ಜ್ವರದ ಲಸಿಕೆ ಏಕೆ ಕಡ್ಡಾಯ?

ಘಾನಾಕ್ಕೆ ಹೋಗುವವರ ಬಳಿ ಹಳದಿ ಜ್ವರ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಮರಳುವಾಗ ಭಾರತವೂ ಅದನ್ನು ಕೇಳುತ್ತದೆ. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಭಾರತದವರೆಂದು ವಿನಾಯಿತಿ ಇಲ್ಲ. ಈ ಬಿಗಿಗೆ ಕಾರಣವಿದೆ: ರೋಗ ಹರಡುವ ಈಡಿಸ್ ಸೊಳ್ಳೆ, ಅಂದರೆ ಡೆಂಗಿಯ ಸೊಳ್ಳೆ, ನಮ್ಮಲ್ಲಿ ಧಾರಾಳವಾಗಿದೆ, ಹಳದಿ ಜ್ವರದ ವೈರಸ್ ಮಾತ್ರ ಇನ್ನೂ ಇಲ್ಲಿಗೆ ಬಂದಿಲ್ಲ.

ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಹತ್ತು ವರ್ಷಕ್ಕೊಮ್ಮೆ ಎಂಬ ಹಳೆಯ ನಿಯಮ 2016ರ ಜುಲೈನಲ್ಲಿ ಹೋಯಿತು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ: ಚೆನ್ನೈಯಲ್ಲಿ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನಲ್ಲಿ ನಾರಾಯಣಗುಡದ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ, ದೆಹಲಿಯಲ್ಲಿ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆ ಇಂಥವು. ಉಳಿದ ಊರಿನವರು ಆರೋಗ್ಯ ಸಚಿವಾಲಯದ ಪಟ್ಟಿ ನೋಡಿ, ದಿನ ಮೊದಲೇ ಗೊತ್ತುಮಾಡಿಕೊಳ್ಳಿ. ಮೊಟ್ಟೆಯ ತೀವ್ರ ಅಲರ್ಜಿ, ಕುಂದಿದ ರೋಗನಿರೋಧಕ ಶಕ್ತಿ, ಗರ್ಭಾವಸ್ಥೆ ಅಥವಾ 60 ದಾಟಿದ ವಯಸ್ಸು ಇದ್ದರೆ ವೈದ್ಯರಿಗೆ ಮುಂಚೆಯೇ ಹೇಳಿ.

ಅಕ್ರಾದಲ್ಲೇ ಇರುವವರಿಗೆ ಮೆನಿಂಜೈಟಿಸ್ ಲಸಿಕೆ ಅಷ್ಟು ತುರ್ತಲ್ಲ. ಉತ್ತರದ ತಮಾಲೆ ಕಡೆಗೆ ಹೋಗುವುದಿದ್ದರೆ ಬೇಕು. ಅಲ್ಲಿ ಒಣ ಹವೆಯ ತಿಂಗಳುಗಳಲ್ಲೇ ಆ ರೋಗ ಹೆಚ್ಚುತ್ತದೆ.

ಊಟ, ನೀರು, ಸಮುದ್ರ

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ಅನ್ನ ಮತ್ತು ಕಾಳು ಸೇರಿಸಿ ಬೇಯಿಸಿದ ವಾಚೆ, ಖಾರ ಹಚ್ಚಿ ಕರಿದ ಬಾಳೆಕಾಯಿ ಕೆಲೆವೆಲೆ, ಅಲಸಂದೆ ಕಾಳಿನ ರೆಡ್‌ರೆಡ್ ಎಲ್ಲವೂ ಬೀದಿಬೀದಿಯಲ್ಲಿ ಸಿಗುತ್ತವೆ. ಆದರೆ ಕಾಳಿನ ಸಾರಿಗೂ ಒಣಮೀನು ಹಾಕುವ ರೂಢಿ ಇದೆ, ಕೇಳಿಯೇ ತಿನ್ನಿ. ಕಣ್ಣೆದುರು ಬಾಣಲೆಯಿಂದ ತೆಗೆದದ್ದು ಸುರಕ್ಷಿತ. ಕೊಚ್ಚಿಟ್ಟ ಹಸಿ ಸೊಪ್ಪು, ತಣ್ಣಗಾದ ಅನ್ನ ಬೇಡ. ಅರ್ಧ ಲೀಟರಿನ ಪ್ಲಾಸ್ಟಿಕ್ ಚೀಲದಲ್ಲಿ ‘ಪ್ಯೂರ್ ವಾಟರ್’ ಮಾರುತ್ತಾರೆ. ಹೊಸಬರಿಗೆ ಸೀಲ್ ಇರುವ ಬಾಟಲಿಯೇ ಮೇಲು. ಮಳೆ ಶುರುವಾದಾಗ ತೆರೆದ ಚರಂಡಿಗಳು ಉಕ್ಕುತ್ತವೆ. 2014ರಲ್ಲಿ ಘಾನಾದಲ್ಲಿ ದೊಡ್ಡದಾಗಿ ಹರಡಿದ ಕಾಲರಾ ಅಕ್ರಾವನ್ನು ಬಹಳ ಕಾಡಿತ್ತು. ಒಆರ್‌ಎಸ್ ಪ್ಯಾಕೆಟ್ ಜೊತೆಗಿರಲಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆಯೂ ವೈದ್ಯರನ್ನು ಕೇಳಿ.

ಕಡಲತೀರ ಚೆಂದ, ಆದರೆ ನೀರಿನ ಸೆಳೆತ ಬಲವಾದದ್ದು. ಈಜು ಬಲ್ಲವರೂ ಮೊಣಕಾಲು ನೀರಿಗೇ ನಿಲ್ಲುವುದು ಒಳ್ಳೆಯದು.

ಮನೆಗೆ ಬಂದ ಮೇಲೆ

ಸೋಂಕಿನ ಸೊಳ್ಳೆ ಕಚ್ಚಿದ ಸುಮಾರು 7ರಿಂದ 14 ದಿನಗಳಲ್ಲಿ ಫಾಲ್ಸಿಪ್ಯಾರಂ ಜ್ವರ ಕಾಣಿಸಿಕೊಳ್ಳುತ್ತದೆ. ಕೊನೆಯ ರಾತ್ರಿ ಕಚ್ಚಿಸಿಕೊಂಡವರಿಗೆ ಜ್ವರ ಬರುವುದು ಅಕ್ರಾದಲ್ಲಲ್ಲ, ಅಂಧೇರಿಯಲ್ಲೋ ಕೊತ್ತನೂರಿನಲ್ಲೋ. ಮಾತ್ರೆ ತೆಗೆದುಕೊಂಡವರಲ್ಲಿ ಇನ್ನೂ ತಡವಾಗಬಹುದು. ನಾಲ್ಕು ವಾರದ ಮಾತ್ರೆಯನ್ನು ‘ಮನೆಗೆ ಬಂದಾಯಿತಲ್ಲ’ ಎಂದು ನಿಲ್ಲಿಸಬಾರದು ಎನ್ನುವುದು ಇದಕ್ಕೇ. ಮೊದಲು ಯಕೃತ್ತಿನಲ್ಲಿ ಅಡಗಿರುವ ಪರಾವಲಂಬಿ ರಕ್ತಕ್ಕೆ ಇಳಿದಾಗಲೇ ಡಾಕ್ಸಿಸೈಕ್ಲಿನ್ ಅದನ್ನು ಹಿಡಿಯುವುದು.

ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ ಪ್ಯಾರಸಿಟಮಾಲ್ ನುಂಗಿ ನಾಳೆಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ವೈದ್ಯರು ಕೇಳಲಿ ಬಿಡಲಿ, ಮೊದಲ ಮಾತೇ ‘ನಾನು ಇಂಥ ದಿನದವರೆಗೆ ಘಾನಾದಲ್ಲಿದ್ದೆ’ ಎಂದಿರಲಿ. ಹೇಳದಿದ್ದರೆ ಡೆಂಗಿ, ಟೈಫಾಯ್ಡ್ ಪರೀಕ್ಷೆಗಳಲ್ಲೇ ಎರಡು ದಿನ ಕಳೆದುಹೋಗಬಹುದು. ರಕ್ತಲೇಪನ ಮತ್ತು ರ‍್ಯಾಪಿಡ್ ಪರೀಕ್ಷೆ ಎರಡನ್ನೂ ಕೇಳಿ. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ ಜ್ವರ ಇಳಿಯದಿದ್ದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಮತ್ತೆರಡು ಬಾರಿ ಮಾಡಿಸಬೇಕು. ಮಾತು ತೊದಲುವುದು, ಗೊಂದಲ, ವಿಪರೀತ ಸುಸ್ತು, ಕಣ್ಣು ಹಳದಿಯಾಗುವುದು, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಒಂದು ಕಂಡರೂ ಸಣ್ಣ ಕ್ಲಿನಿಕ್ ಬಿಟ್ಟು ಐಸಿಯು ಇರುವ ಆಸ್ಪತ್ರೆಗೇ ಹೋಗಿ. ಆಗ ಬೇಕಾಗುವುದು ರಕ್ತನಾಳದ ಮೂಲಕ ಕೊಡುವ ಆರ್ಟಿಸುನೇಟ್.

ಮನೆಯವರಿಗೂ ಇದನ್ನು ಹೇಳಿಡಿ. ಜ್ವರ ತಲೆಗೇರಿದಾಗ ಘಾನಾ ಪ್ರವಾಸದ ವಿಷಯವನ್ನು ವೈದ್ಯರಿಗೆ ಹೇಳಬೇಕಾದವರು ಅವರೇ.