‘ಕೈ ಕೊಡುವುದು’ ಇಂಗ್ಲಿಷಿನಲ್ಲಿ ಸಹಾಯ! ದಿನಬಳಕೆಯ ನುಡಿಗಟ್ಟುಗಳ ಪರಿಚಯ

ಕಾಣಿಯೂರು: ಮಂಗಳೂರು–ಸುಬ್ರಹ್ಮಣ್ಯ ರಸ್ತೆ ರೈಲು ಮಾರ್ಗದಲ್ಲಿರುವ ಕಾಣಿಯೂರಿನ ಆಸುಪಾಸಿನಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ ಮುಂತಾದ ಮನೆಮಾತುಗಳು ಕೇಳಿಬರುತ್ತವೆ. ಶಾಲೆಗೆ ಹೋದರೆ ಪುಸ್ತಕದ ಕನ್ನಡ. ಹಾಗಾಗಿ ಇಲ್ಲಿನ ಅನೇಕ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ ಆರಂಭವಾದದ್ದು 2007-08ರಲ್ಲಿ. ಅದಕ್ಕೂ ಮುನ್ನ ಐದನೇ ತರಗತಿಯವರೆಗೆ ಕಾಯಬೇಕಿತ್ತು. ಆದರೆ ವ್ಯಾಕರಣವನ್ನು ಚೆನ್ನಾಗಿ ಕಲಿತವರೂ ಎಡವುವುದು ನುಡಿಗಟ್ಟುಗಳಲ್ಲಿ.

ಕನ್ನಡದಲ್ಲಿ ಒಬ್ಬರು ‘ಕೈ ಕೊಟ್ಟರು’ ಎಂದರೆ ನಂಬಿಸಿ ಮೋಸ ಮಾಡಿದರು ಎಂದೇ ಅರ್ಥ. ಇಂಗ್ಲಿಷಿನ ‘ಗಿವ್ ಮಿ ಎ ಹ್ಯಾಂಡ್’ ಸಹಾಯಕ್ಕಾಗಿ ಮಾಡುವ ವಿನಂತಿ. ಅದೇ ‘ಬಿಗ್ ಹ್ಯಾಂಡ್’ ಆದರೆ ಜೋರು ಚಪ್ಪಾಳೆ. ಪದ ಒಂದೇ, ಫಲ ತದ್ವಿರುದ್ಧ.

ಹೊರಡುವಾಗ ‘ಹೋಗುತ್ತೇನೆ’ ಎನ್ನಲು ನಮ್ಮವರಿಗೆ ಮನಸ್ಸು ಬಾರದು. ಕನ್ನಡದಲ್ಲಿ ‘ಹೋಗಿ ಬರುತ್ತೇನೆ’, ತುಳುವಿನಲ್ಲಿ ‘ಪೋದು ಬರ್ಪೆ’. ಇದನ್ನೇ ‘ಐ ವಿಲ್ ಗೋ ಅಂಡ್ ಕಮ್’ ಎಂದರೆ, ಈಗಲೇ ಮರಳುತ್ತಾರೇನೋ ಎಂದು ಹೊರನಾಡಿನವರು ಕಾದು ಕುಳಿತಾರು. ‘ಸೀ ಯು’ ಎಂದರೆ ಸಾಕು. ಕರೆದಾಗ ‘ಬಂದೆ’ ಎಂದು ಕೂಗುವುದೂ ಹೀಗೆಯೇ. ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ, ಕ್ರಿಯಾಪದ ಮಾತ್ರ ಭೂತಕಾಲಕ್ಕೆ ಓಡಿರುತ್ತದೆ! ಇಂಗ್ಲಿಷಿನಲ್ಲಿ ಇಲ್ಲಿ ‘ಐ ಆಮ್ ಕಮಿಂಗ್’ ಎನ್ನಬೇಕು.

ಇಷ್ಟರಲ್ಲಿ ನಗೆಗೀಡಾಗುವುದಷ್ಟೇ ನಷ್ಟ. ಆದರೆ ಆಸ್ಪತ್ರೆಯಲ್ಲಿ ಹಾಗಲ್ಲ. ಭಾರತದಲ್ಲಿ ‘ಪಾಸ್ಡ್ ಔಟ್’ ಎಂದರೆ ಪದವಿ ಮುಗಿಸಿದರು ಎಂದು ಬಳಕೆಯಲ್ಲಿದೆ. ಬ್ರಿಟನ್ನಿನ ರೋಗಿಯ ಬಂಧುಗಳು ಹಾಗೆಂದರೆ ರೋಗಿ ಪ್ರಜ್ಞೆ ತಪ್ಪಿದ್ದಾರೆ ಎಂದರ್ಥ. ‘ಪಾಸ್ಡ್ ಅವೇ’ ಎಂದರೆ ನಿಧನರಾದರು. ಒಂದು ಸಣ್ಣ ಪದದ ಅಂತರದಲ್ಲಿ ಜೀವನ್ಮರಣದ ವ್ಯತ್ಯಾಸ. ‘ಅಂಡರ್ ದ ವೆದರ್’ ಎಂದವರು ಹವಾಮಾನವನ್ನು ಕುರಿತು ಹೇಳುತ್ತಿಲ್ಲ, ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದಾರೆ. ವಿದೇಶಕ್ಕೆ ತೆರಳುವ ದಾದಿಯರು ಎದುರಿಸುವ ಓಇಟಿ ಪರೀಕ್ಷೆ ಆಸ್ಪತ್ರೆಯ ಮಾತುಕತೆಯನ್ನೇ ಆಧರಿಸಿರುವುದು ಇದೇ ಕಾರಣಕ್ಕೆ. ಬ್ರಿಟನ್ನಿನ ದಾದಿಯರ ನಿಯಂತ್ರಣ ಮಂಡಳಿ 2017ರಿಂದ ಅದನ್ನು ಮಾನ್ಯ ಮಾಡಿದೆ.

ಹಾಗೆಂದು ನಮ್ಮ ಬಳಕೆಯೆಲ್ಲವೂ ತಪ್ಪೆನ್ನಲಾಗದು. ‘ಔಟ್ ಆಫ್ ಸ್ಟೇಷನ್’ ಎಂಬುದು ಬ್ರಿಟಿಷ್ ಅಧಿಕಾರಿಗಳ ಕಾಲದಿಂದ ಉಳಿದುಬಂದ ಪ್ರಯೋಗ. ಅಧಿಕಾರಿಯ ನೇಮಕದ ಊರಿಗೆ ‘ಸ್ಟೇಷನ್’ ಎಂಬ ಹೆಸರಿತ್ತು. ಸಭೆಯನ್ನು ಹಿಂದಕ್ಕೆ ತರುವ ‘ಪ್ರಿಪೋನ್’ ನಿಘಂಟುಗಳಲ್ಲಿಯೂ ಸ್ಥಾನ ಪಡೆದಿದೆ. ಊರಿನಲ್ಲಿ ಇವು ಧಾರಾಳವಾಗಿ ನಡೆಯುತ್ತವೆ. ಹೊರದೇಶದ ಕಚೇರಿಗೆ ಪತ್ರ ಬರೆಯುವಾಗ ಮಾತ್ರ ಬಿಡಿಸಿ ಹೇಳುವುದು ಒಳಿತು.

‘ಬಾರೋ’ ಮತ್ತು ‘ಲೆಂಡ್’ ಗೊಂದಲಕ್ಕೆ ಮಾತ್ರ ವಿನಾಯಿತಿಯಿಲ್ಲ. ಮೊದಲನೆಯದು ಸಾಲ ಪಡೆಯುವುದು, ಎರಡನೆಯದು ಕೊಡುವುದು. ಬ್ಯಾಂಕಿನ ಅರ್ಜಿಯಲ್ಲಿ ಇವು ಅದಲುಬದಲಾದರೆ ಅರ್ಜಿದಾರರೇ ಬ್ಯಾಂಕಿಗೆ ಸಾಲ ನೀಡಿದಂತಾದೀತು.

ನುಡಿಗಟ್ಟನ್ನು ಹುಡುಕುವುದು ಹೇಗೆ? ಕಲಿಕಾರ್ಥಿಗಳಿಗೆಂದೇ ಸಿದ್ಧಪಡಿಸಿದ ನಿಘಂಟು ಉಪಯುಕ್ತ. ಹಾರ್ನ್‌ಬಿ ಅವರ ಪ್ರಸಿದ್ಧ ನಿಘಂಟು ಮೊದಲು ಪ್ರಕಟವಾದದ್ದು ಇಂಗ್ಲೆಂಡಿನಲ್ಲಲ್ಲ, 1942ರಲ್ಲಿ ಟೋಕಿಯೊದಲ್ಲಿ, ಜಪಾನಿನ ವಿದ್ಯಾರ್ಥಿಗಳಿಗಾಗಿ. ಆಕ್ಸ್‌ಫರ್ಡ್ ಅದನ್ನು 1948ರಲ್ಲಿ ಹೊರತಂದಿತು. ಇಂಥ ನಿಘಂಟಿನಲ್ಲಿ ‘ಅಂಡರ್ ದ ವೆದರ್’ ಬೇಕಿದ್ದರೆ ‘ಅಂಡರ್’ ತೆರೆಯದೆ ‘ವೆದರ್’ ಪದದ ಕೊನೆಯ ಸಾಲುಗಳನ್ನು ನೋಡಬೇಕು.