ಅದಿರಿನ ಸ್ಲರಿಗೆ ಎಂಥ ಪಂಪು?

ಹಟ್ಟಿಯ ಗಣಿಯಲ್ಲಿ ಚಿನ್ನ ಭೂಮಿಯಿಂದ ಚಿನ್ನವಾಗಿ ಹೊರಬರುವುದಿಲ್ಲ, ಕಲ್ಲಾಗಿ ಬರುತ್ತದೆ. ಆ ಕಲ್ಲನ್ನು ಒಡೆದು, ಮಿಲ್ಲಿನಲ್ಲಿ ನೀರು ಸೇರಿಸಿ ನುಣ್ಣಗೆ ಅರೆದ ಮೇಲೆ ಉಳಿದ ಸಂಸ್ಕರಣೆಯೆಲ್ಲ ನೀರಿನೊಂದಿಗೇ ನಡೆಯುತ್ತದೆ. ಅದಿರಿನ ಪುಡಿ ಮತ್ತು ನೀರಿನ ಈ ಮಿಶ್ರಣವೇ ಸ್ಲರಿ. ಮಿಲ್ಲಿನಿಂದ ದಪ್ಪ ಕಣಗಳನ್ನು ಬೇರ್ಪಡಿಸುವ ಸೈಕ್ಲೋನಿಗೆ, ಅಲ್ಲಿಂದ ಟ್ಯಾಂಕುಗಳಿಗೆ, ಕೊನೆಗೆ ಉಳಿಕೆಯನ್ನು ಸೇರಿಸಿಡುವ ಟೇಲಿಂಗ್ಸ್ ಕಟ್ಟೆಗೆ ಅದನ್ನು ಒಯ್ಯುವುದು ಪಂಪುಗಳು. ಕಬ್ಬಿಣ, ತಾಮ್ರ, ಸತು, ಯಾವ ಅದಿರಿನ ಘಟಕಕ್ಕೆ ಹೋದರೂ ನೋಟ ಇದೇ. ಮುಖ್ಯ ಪಂಪು ನಿಂತರೆ ಮಿಲ್ಲು ನಿಲ್ಲುತ್ತದೆ, ಮಿಲ್ಲು ನಿಂತರೆ ಘಟಕವೇ ನಿಲ್ಲುತ್ತದೆ. ಹೀಗಿದ್ದರೂ ಮಿಲ್ಲಿನ ಆಯ್ಕೆಗೆ ತಿಂಗಳುಗಟ್ಟಲೆ ಚರ್ಚೆ ನಡೆದರೆ, ಪಂಪಿನ ಆಯ್ಕೆ ಒಂದು ಹಾಳೆಯ ವಿಚಾರಣಾ ಪತ್ರದಲ್ಲಿ ಮುಗಿದುಹೋಗುವುದುಂಟು.

ನೀರಿನ ಪಂಪಿಗಿಂತ ಹೇಗೆ ಬೇರೆ

ತತ್ತ್ವ ಒಂದೇ: ತಿರುಗುವ ಇಂಪೆಲ್ಲರ್ ದ್ರವಕ್ಕೆ ವೇಗ ಕೊಡುತ್ತದೆ, ಸುತ್ತಲಿನ ಕವಚ ಆ ವೇಗವನ್ನು ಒತ್ತಡವಾಗಿ ಮಾರ್ಪಡಿಸುತ್ತದೆ. ರಚನೆ ಮಾತ್ರ ಬೇರೆ. ಕಲ್ಲಿನ ಚೂರು ಸಿಕ್ಕಿಕೊಳ್ಳದೆ ಹಾಯಬೇಕಾದ್ದರಿಂದ ಇಂಪೆಲ್ಲರಿನ ರೆಕ್ಕೆಗಳು ಕಡಿಮೆ, ದಪ್ಪ. ನಡುವಿನ ದಾರಿ ಅಗಲ. ಶಾಫ್ಟ್ ಗಿಡ್ಡ, ಬೇರಿಂಗ್ ಭಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಲರಿ ಮುಟ್ಟುವ ಭಾಗಗಳೆಲ್ಲ ಸವೆಯಲೆಂದೇ ಮಾಡಿದವು. ಹೊರಗಿನ ಎರಕದ ಕವಚ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ, ಒಳಗಿನ ಲೈನರುಗಳನ್ನು ಮತ್ತು ಇಂಪೆಲ್ಲರನ್ನು ಬಿಚ್ಚಿ ಬದಲಾಯಿಸುತ್ತಾರೆ. ಬದಲಾಯಿಸಬಹುದಾದ ಲೈನರಿನ ಇಂಥ ಪಂಪನ್ನು 1938ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿ ಪಟ್ಟಣ ಕಾಲ್ಗೂರ್ಲಿಯಲ್ಲಿ ಚಾರ್ಲ್ಸ್ ಹೆರಾಲ್ಡ್ ವಾರ್ಮನ್ ಎಂಬ ಎಂಜಿನಿಯರ್ ರೂಪಿಸಿದರು. ಇಂದಿಗೂ ಗಣಿಗಳಲ್ಲಿ ಕಾಣುವ ಸ್ಲರಿ ಪಂಪುಗಳಲ್ಲಿ ಬಹುಪಾಲು ಆ ಮಾದರಿಯ ಸಂತತಿಯೇ.

ಈ ರಚನೆಗೆ ಬೆಲೆಯೂ ಉಂಟು. ದಪ್ಪ ರೆಕ್ಕೆ, ಅಗಲ ದಾರಿಗಳಿಂದಾಗಿ ದಕ್ಷತೆ ಅದೇ ಗಾತ್ರದ ಶುದ್ಧ ನೀರಿನ ಪಂಪಿಗಿಂತ ಕೆಳಗಿರುತ್ತದೆ.

ಮೊದಲು ಸ್ಲರಿಯನ್ನು ಅರಿಯಬೇಕು

ಪಂಪು ತಯಾರಕರನ್ನು ಕರೆಯುವ ಮೊದಲು ಘಟಕದವರ ಕೈಯಲ್ಲಿ ಕೆಲವು ಸಂಗತಿಗಳು ಖಚಿತವಾಗಿರಬೇಕು. ಗಂಟೆಗೆ ಎಷ್ಟು ಟನ್ ಒಣ ಅದಿರು, ಅದರ ಸಾಪೇಕ್ಷ ಸಾಂದ್ರತೆ ಎಷ್ಟು, ಸ್ಲರಿಯಲ್ಲಿ ಘನದ ಪಾಲು ತೂಕದಲ್ಲಿ ಶೇಕಡಾ ಎಷ್ಟು ಎಂಬುದು ಮೊದಲನೆಯದು. ಕಣದ ಗಾತ್ರ ಎರಡನೆಯದು: ಅರ್ಧದಷ್ಟು ಕಣಗಳು ಯಾವ ಗಾತ್ರಕ್ಕಿಂತ ಚಿಕ್ಕವು, ಅತಿ ದೊಡ್ಡ ಚೂರು ಎಷ್ಟು ದೊಡ್ಡದು. ಇವುಗಳ ಜೊತೆಗೆ ಖನಿಜದ ಗಡಸುತನ, ಕಣಗಳ ಅಂಚು ಚೂಪೋ ದುಂಡೋ, ನೀರಿನ ಆಮ್ಲೀಯತೆ, ಉಷ್ಣತೆ, ಎಣ್ಣೆ ಸೇರುವ ಸಾಧ್ಯತೆ.

ಇವುಗಳಲ್ಲಿ ಹೆಚ್ಚು ಕಡೆಗಣಿಸಲ್ಪಡುವುದು ಕಣದ ಗಾತ್ರ. ಸಾಂದ್ರತೆಯನ್ನು ಪಾಳಿಯವರು ದಿನಕ್ಕೆ ಹತ್ತು ಸಲ ಅಳೆಯುತ್ತಾರೆ, ಜರಡಿ ಪರೀಕ್ಷೆಯ ಅಂಕಿಗಳು ಮಾತ್ರ ಹಳೆಯ ವರದಿಯಿಂದಲೇ ನಕಲಾಗುತ್ತವೆ. ಪಂಪಿನ ಹೆಡ್ (ದ್ರವವನ್ನು ಅದು ಎತ್ತಬಲ್ಲ ಎತ್ತರ) ಎಷ್ಟು ಕುಗ್ಗುತ್ತದೆ, ರಬ್ಬರ್ ಲೈನರ್ ಉಳಿಯುತ್ತದೋ ಹರಿಯುತ್ತದೋ, ಪೈಪಿನಲ್ಲಿ ಕಣ ಕೂರುತ್ತದೋ ತೇಲುತ್ತದೋ ಎಂಬ ಮೂರನ್ನೂ ತೀರ್ಮಾನಿಸುವುದು ಅದೇ ಅಂಕಿ.

ಒಂದು ಲೆಕ್ಕ

ಚಿನ್ನದ ಅದಿರಿನ ಘಟಕವೊಂದರ ಸೈಕ್ಲೋನ್ ಫೀಡ್ ಪಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಿಲ್ಲಿಗೆ ಹೊಸದಾಗಿ ಬೀಳುವ ಅದಿರು ಗಂಟೆಗೆ 57 ಟನ್. ಸೈಕ್ಲೋನಿನಿಂದ ದಪ್ಪ ಕಣಗಳು ಮತ್ತೆ ಮಿಲ್ಲಿಗೆ ಮರಳುತ್ತವೆ. ಈ ಮರುಸುತ್ತು ಹೊಸ ಅದಿರಿನ ಶೇ. 250 ಎಂದಿರಲಿ. ಆಗ ಪಂಪು ಹೊರಬೇಕಾದ್ದು 57 ಟನ್ ಅಲ್ಲ, ಸುಮಾರು 200 ಟನ್. ಘಟಕದ ನಾಮಫಲಕದಲ್ಲಿರುವ ಸಾಮರ್ಥ್ಯವನ್ನು ನೋಡಿ ಪಂಪು ಆರಿಸಿದರೆ ಮೊದಲ ಹೆಜ್ಜೆಯೇ ತಪ್ಪುವುದು ಇಲ್ಲಿ.

ಅದಿರಿನ ಸಾಪೇಕ್ಷ ಸಾಂದ್ರತೆ 2.7, ಸ್ಲರಿಯಲ್ಲಿ ಘನ ತೂಕದಲ್ಲಿ ಶೇ. 50. ಅಂದರೆ 200 ಟನ್ ಅದಿರಿಗೆ 200 ಟನ್ ನೀರು. ಅದಿರಿನ ಗಾತ್ರ ಸುಮಾರು 74 ಘನ ಮೀಟರ್, ನೀರಿನದು 200; ಒಟ್ಟು ಗಂಟೆಗೆ 274 ಘನ ಮೀಟರ್. ಇದರ ಸಾಪೇಕ್ಷ ಸಾಂದ್ರತೆ 1.46. ತೂಕದಲ್ಲಿ ಅರ್ಧದಷ್ಟಿರುವ ಘನ, ಗಾತ್ರದಲ್ಲಿ ಶೇ. 27 ಮಾತ್ರ.

ಇನ್ನು ಹೆಡ್. ಸಂಪಿನ ಮಟ್ಟದಿಂದ ಸೈಕ್ಲೋನಿಗೆ 12 ಮೀಟರ್ ಎತ್ತರ. ಸೈಕ್ಲೋನಿಗೆ ಬೇಕಾದ ಒತ್ತಡ 100 ಕಿಲೋಪಾಸ್ಕಲ್; ನೀರಿನ ಲೆಕ್ಕದಲ್ಲಿ ಇದು ಹತ್ತು ಮೀಟರ್ ಮೀರುತ್ತದೆ, ಈ ಸ್ಲರಿಯ ಲೆಕ್ಕದಲ್ಲಿ 7 ಮೀಟರ್. ಪೈಪು, ಬೆಂಡುಗಳಲ್ಲಿನ ಘರ್ಷಣೆಗೆ 6 ಮೀಟರ್ ಸೇರಿಸಿದರೆ ಒಟ್ಟು 25 ಮೀಟರ್ ಸ್ಲರಿ.

ತಯಾರಕರ ಹರಿವು-ಹೆಡ್ ಕರ್ವ್‌ಗಳನ್ನು ಶುದ್ಧ ನೀರಿನಲ್ಲಿ ಪರೀಕ್ಷಿಸಿ ಬಿಡಿಸಿರುತ್ತಾರೆ. ಸ್ಲರಿಯಲ್ಲಿ ಅದೇ ಪಂಪು ಅದೇ ವೇಗದಲ್ಲಿ ಅಷ್ಟು ಹೆಡ್ ಕೊಡುವುದಿಲ್ಲ, ಏಕೆಂದರೆ ಕಣಗಳು ನೀರಿಗಿಂತ ಹಿಂದೆ ಬಿದ್ದು ಶಕ್ತಿ ತಿನ್ನುತ್ತವೆ. ಅರ್ಧ ಕಣಗಳು 0.3 ಮಿ.ಮೀ.ಗಿಂತ ಚಿಕ್ಕವಿರುವ ಈ ಸ್ಲರಿಯಲ್ಲಿ ಹೆಡ್ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ, ದಕ್ಷತೆಯೂ ಬಹುತೇಕ ಅಷ್ಟೇ. ಆದ್ದರಿಂದ ಕರ್ವ್ ಮೇಲೆ ಹುಡುಕಬೇಕಾದ ಬಿಂದು 25 ಮೀಟರ್ ಅಲ್ಲ, 31 ಮೀಟರ್. ನೀರಿನಲ್ಲಿ ಶೇ. 65 ದಕ್ಷತೆಯ ಪಂಪಾದರೆ ಸ್ಲರಿಯಲ್ಲಿ ಶೇ. 52. ಶಾಫ್ಟಿಗೆ ಬೇಕಾಗುವ ಶಕ್ತಿ ಸುಮಾರು 52 ಕಿಲೋವಾಟ್; ಬೆಲ್ಟಿನ ನಷ್ಟ, ಸಾಂದ್ರತೆಯ ಏರಿಳಿತಗಳನ್ನು ಗಮನಿಸಿದರೆ 75 ಕಿಲೋವಾಟ್ ಮೋಟಾರು ಬೇಕು. ಇದನ್ನೇ ಬರಿಯ ನೀರೆಂದು ಲೆಕ್ಕ ಹಾಕಿದರೆ 29 ಕಿಲೋವಾಟ್ ಬರುತ್ತದೆ. 37ರ ಮೋಟಾರು ತಂದು ಕೂರಿಸಿದವರು ಮೊದಲ ದಿನದಿಂದಲೇ ಟ್ರಿಪ್ ಆಗುವ ಬ್ರೇಕರನ್ನು ನೋಡುತ್ತಾರೆ.

ಪೈಪೂ ಪಂಪಿನ ಭಾಗವೇ

ಕಲಕದೆ ಇಟ್ಟ ಅಂಬಲಿಯ ಗಟ್ಟಿ ತಳ ಸೇರುವ ಹಾಗೆ, ವೇಗ ಸಾಲದ ಸ್ಲರಿ ಪೈಪಿನ ತಳದಲ್ಲಿ ಕೂರುತ್ತದೆ. ಕಣಗಳು ಕೂರದಂತೆ ಸಾಗಲು ಬೇಕಾದ ಕನಿಷ್ಠ ವೇಗ ಪೈಪಿನ ವ್ಯಾಸದೊಂದಿಗೆ, ಕಣದ ಗಾತ್ರ ಮತ್ತು ಸಾಂದ್ರತೆಯೊಂದಿಗೆ ಏರುತ್ತದೆ. ನಮ್ಮ ಉದಾಹರಣೆಯಲ್ಲಿ 200 ಮಿ.ಮೀ. ಒಳವ್ಯಾಸದ ಪೈಪಾದರೆ ಕನಿಷ್ಠ ವೇಗ ಸೆಕೆಂಡಿಗೆ ಸುಮಾರು 2.5 ಮೀಟರ್, ಸಿಗುವ ವೇಗ 2.4 ಮಾತ್ರ. ಅಲ್ಲಿ ಮರಳು ಕಟ್ಟುವುದು ಖಂಡಿತ. 150 ಮಿ.ಮೀ.ಗೆ ಇಳಿದರೆ ವೇಗ 4.3 ಮೀಟರಿಗೆ ಜಿಗಿದು ಬೆಂಡುಗಳು ಬೇಗ ತೂತಾಗುತ್ತವೆ, ಘರ್ಷಣೆ ಏರಿ ಹೆಡ್ಡೂ ಹೆಚ್ಚುತ್ತದೆ. ಅದೇ 200 ಮಿ.ಮೀ. ಉಕ್ಕಿನ ಪೈಪಿಗೆ ಒಳಗೆ 12 ಮಿ.ಮೀ. ರಬ್ಬರ್ ಹೊದಿಸಿದರೆ ಒಳವ್ಯಾಸ 176ಕ್ಕೆ ಇಳಿದು ವೇಗ ಸುಮಾರು 3.1 ಮೀಟರಿನಲ್ಲಿ ನಿಲ್ಲುತ್ತದೆ. ಸವೆತಕ್ಕೆ ತಡೆ, ಹರಿವಿಗೆ ಸರಿಯಾದ ವೇಗ, ಎರಡೂ ಒಟ್ಟಿಗೇ ಸಿಗುತ್ತವೆ.

ಹೆಚ್ಚುವರಿ ಹೆಡ್ಡಿಗೆ ಲೋಹದ ದಂಡ

ಇಡೀ ಆಯ್ಕೆಯಲ್ಲಿ ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಇಲ್ಲಿದೆ. ಸವೆತ ವೇಗಕ್ಕೆ ನೇರ ಅನುಪಾತದಲ್ಲಿ ಏರುವುದಿಲ್ಲ. ವೇಗದ ಎರಡೂವರೆಯಿಂದ ಮೂರನೆಯ ಘಾತದಷ್ಟು ಏರುತ್ತದೆ. ವೇಗವನ್ನು ಶೇ. 20ರಷ್ಟು ಇಳಿಸಿದರೆ ಸವೆತ ಸುಮಾರು ಅರ್ಧಕ್ಕೆ ಬರುತ್ತದೆ. ಇದನ್ನು ಅರಿತ ಅಮೆರಿಕದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟ್ ತನ್ನ ಸ್ಲರಿ ಪಂಪ್ ಮಾನದಂಡದಲ್ಲಿ ಕೆಲಸದ ಕಠಿಣತೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದೆ. ಹಗುರ ಕೆಲಸದ ಮೊದಲ ದರ್ಜೆಯಲ್ಲಿ ಲೋಹದ ಇಂಪೆಲ್ಲರಿನ ಅಂಚು ಸೆಕೆಂಡಿಗೆ 43 ಮೀಟರ್ ವೇಗದಲ್ಲಿ ತಿರುಗಬಹುದು, ಅತಿ ಕಠಿಣ ನಾಲ್ಕನೆಯ ದರ್ಜೆಯಲ್ಲಿ 28 ಮೀಟರ್ ಮಾತ್ರ.

“ದೊಡ್ಡ ಪಂಪು ತಂದು ನಿಧಾನ ಓಡಿಸಿ” ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಪಂಪು ಕೊಡುವ ಹೆಡ್ ಇಂಪೆಲ್ಲರಿನ ಅಂಚಿನ ವೇಗವನ್ನು ಅವಲಂಬಿಸಿದೆ. ನಮ್ಮ 31 ಮೀಟರ್ ಹೆಡ್ಡಿಗೆ ಅಂಚಿನ ವೇಗ ಸೆಕೆಂಡಿಗೆ 25 ಮೀಟರಿನ ಆಸುಪಾಸು ಇರಲೇಬೇಕು. ಅರ್ಧ ಮೀಟರ್ ವ್ಯಾಸದ ಇಂಪೆಲ್ಲರಾದರೆ ಅದು ನಿಮಿಷಕ್ಕೆ ಸುಮಾರು 950 ಸುತ್ತು. ವ್ಯಾಸ ಹೆಚ್ಚಿಸಿದರೆ ಸುತ್ತು ಕಡಿಮೆಯಾಗುತ್ತದೆ, ಕವಚದೊಳಗಿನ ಹರಿವು ನಿಧಾನವಾಗುತ್ತದೆ, ಲೋಹ ದಪ್ಪ ಸಿಗುತ್ತದೆ, ಇವೆಲ್ಲ ಲಾಭವೇ. ಆದರೆ ಅಂಚಿನ ವೇಗ ಇಳಿಯಬೇಕಾದರೆ ಹೆಡ್ಡೇ ಇಳಿಯಬೇಕು. ಹಾಗಾಗಿ ಪಂಪಿನ ಆಯುಷ್ಯ ನಿರ್ಧಾರವಾಗುವುದು ಬಹುಪಾಲು ಘಟಕದ ನಕ್ಷೆಯ ಮೇಜಿನ ಮೇಲೆ. ಸೈಕ್ಲೋನನ್ನು ಎರಡು ಮೀಟರ್ ಕೆಳಗೆ ಕೂರಿಸಲಾದೀತೇ, ನಾಲ್ಕು ಬೆಂಡಿನ ಬದಲು ಎರಡು ಸಾಕೇ ಎಂದು ಅಲ್ಲೇ ಕೇಳಬೇಕು.

ಅಲ್ಲೇ ಇನ್ನೊಂದು ಅಪಾಯವೂ ಹುಟ್ಟುತ್ತದೆ. ಪ್ರಕ್ರಿಯೆ ಲೆಕ್ಕ ಹಾಕಿದವರು ಶೇ. 10 ಹೆಚ್ಚುವರಿ ಇಡುತ್ತಾರೆ, ಪೈಪಿನವರು ಇನ್ನೊಂದು ಶೇ. 10, ಪಂಪು ಕೊಡುವವರು ಮತ್ತೊಂದು. ಮೂರೂ ಸೇರಿ ಶೇ. 33 ಆಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಹೆಡ್ ಇರುವ ಪಂಪು ಕರ್ವ್ ಮೇಲೆ ಬಲಕ್ಕೆ ಜಾರುತ್ತದೆ, ಹರಿವು ಹೆಚ್ಚುತ್ತದೆ, ಸಂಪು ಬರಿದಾಗಿ ಗಾಳಿ ಎಳೆಯುತ್ತದೆ, ಪಂಪು ಏದುಸಿರು ಬಿಡತೊಡಗುತ್ತದೆ. ವಾಲ್ವ್ ಅರ್ಧ ಮುಚ್ಚಿ ಸರಿಪಡಿಸುವುದು ನೀರಿನ ಪಂಪಿಗೆ ಒಪ್ಪೀತು. ಸ್ಲರಿಯಲ್ಲಿ ಆ ವಾಲ್ವನ್ನೇ ಕಣಗಳು ಕೊರೆದುಹಾಕುತ್ತವೆ. ಅದಕ್ಕೇ ಸ್ಲರಿ ಪಂಪುಗಳಿಗೆ ವಿ-ಬೆಲ್ಟ್ ಡ್ರೈವ್. ಪುಲ್ಲಿ ಬದಲಿಸಿದರೆ ವೇಗ ಬದಲಾಗುತ್ತದೆ. ಹರಿವು ಪದೇಪದೇ ಏರಿಳಿಯುವ ಕಡೆ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಹಾಕಿದ ಖರ್ಚು ವ್ಯರ್ಥವಲ್ಲ. ಪಂಪು ತನ್ನ ಅತ್ಯುತ್ತಮ ದಕ್ಷತೆಯ ಹರಿವಿಗೆ ಹತ್ತಿರದಲ್ಲಿ, ಅದಕ್ಕಿಂತ ತುಸು ಕೆಳಗೇ ಓಡುವಂತೆ ಆರಿಸುವುದು ಕ್ಷೇಮ.

ಲೋಹವೋ ರಬ್ಬರೋ

ಕ್ವಾರ್ಟ್ಜ್ ಮೋಸ್ ಮಾಪಕದಲ್ಲಿ 7ರಷ್ಟು ಗಡಸು. ಸಾಮಾನ್ಯ ಉಕ್ಕನ್ನು ಸುಲಭವಾಗಿ ಗೀರುತ್ತದೆ. ಅದಕ್ಕೆ ಎದುರು ನಿಲ್ಲುವುದು ಶೇ. 27ರ ಆಸುಪಾಸು ಕ್ರೋಮಿಯಂ ಇರುವ ಬಿಳಿ ಎರಕದ ಕಬ್ಬಿಣ. ಅದರೊಳಗೆ ಹುಟ್ಟುವ ಕ್ರೋಮಿಯಂ ಕಾರ್ಬೈಡ್ ಹರಳುಗಳು ಕ್ವಾರ್ಟ್ಜ್‌ಗಿಂತಲೂ ಗಡಸು. ಆದರೆ ಈ ಎರಕ ಪೆಡಸು, ಪೆಟ್ಟಿಗೆ ಒಡೆಯುತ್ತದೆ, ಆಮ್ಲಕ್ಕೆ ಸೋಲುತ್ತದೆ. ಚಿನ್ನದ ಸೈನೈಡ್ ವಿಭಾಗದಲ್ಲಿ ಆ ಚಿಂತೆ ಕಡಿಮೆ; ವಿಷಾನಿಲ ಹೊರಬರದಂತೆ ಅಲ್ಲಿ ಸುಣ್ಣ ಹಾಕಿ ಪಿಎಚ್ 10ರ ಮೇಲೆ ಇಟ್ಟಿರುತ್ತಾರೆ.

ರಬ್ಬರಿನ ದಾರಿಯೇ ಬೇರೆ. ಅದು ಕಣವನ್ನು ತಡೆದು ನಿಲ್ಲಿಸುವುದಿಲ್ಲ, ಬಾಗಿ ಪುಟಿಸುತ್ತದೆ. ನುಣ್ಣನೆಯ ಕಣಗಳಿದ್ದಲ್ಲಿ ಒಳ್ಳೆಯ ನೈಸರ್ಗಿಕ ರಬ್ಬರ್ ಲೋಹಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತದೆ, ಆಮ್ಲಕ್ಕೂ ಅಂಜುವುದಿಲ್ಲ. ಚೂಪಾದ ದಪ್ಪ ಚೂರು, ಮಿಲ್ಲಿನಿಂದ ತಪ್ಪಿಸಿಕೊಂಡ ಉಕ್ಕಿನ ಗುಂಡಿನ ತುಣುಕು ಬಂದರೆ ಮಾತ್ರ ಹರಿದುಹೋಗುತ್ತದೆ. ಎಣ್ಣೆ ತಾಗಿದರೆ ಉಬ್ಬುತ್ತದೆ, ಬಿಸಿಗೆ ಮೆತ್ತಗಾಗುತ್ತದೆ, ಅಂಚಿನ ವೇಗದ ಮಿತಿಯೂ ಲೋಹಕ್ಕಿಂತ ಕಡಿಮೆ. ಆದ್ದರಿಂದ ಮಿಲ್ ಡಿಸ್ಚಾರ್ಜಿಗೆ ಸಾಮಾನ್ಯವಾಗಿ ಲೋಹದ ಇಂಪೆಲ್ಲರ್, ನುಣ್ಣನೆಯ ಟೇಲಿಂಗ್ಸ್ ಮತ್ತು ಥಿಕ್ನರಿನ ಕೆಳಹರಿವಿಗೆ ರಬ್ಬರ್. ರಬ್ಬರ್ ಲೈನರಿನೊಳಗೆ ಲೋಹದ ಇಂಪೆಲ್ಲರ್ ಹಾಕುವುದೂ ಉಂಟು. ಮೊದಲು ಸವೆಯುವುದು ಇಂಪೆಲ್ಲರ್ ಮತ್ತು ಅದರ ಎದುರಿನ ಥ್ರೋಟ್‌ಬುಶ್. ಇವೆರಡರ ನಡುವಿನ ಸಂದನ್ನು ಆಗಾಗ ಬಿಗಿಗೊಳಿಸದಿದ್ದರೆ ಎಂಥ ಲೋಹವೂ ಪ್ರಯೋಜನಕ್ಕಿಲ್ಲ.

ಗ್ಲಾಂಡ್, ಸಂಪು, ನೊರೆ

ಶಾಫ್ಟ್ ಕವಚವನ್ನು ಹೊಗುವ ಜಾಗದಲ್ಲಿ ಸೋರಿಕೆ ತಡೆಯಲು ಹಳೆಯ ನಂಬಿಕಸ್ಥ ವಿಧಾನ ಗ್ಲಾಂಡ್ ಪ್ಯಾಕಿಂಗ್. ಅದಕ್ಕೆ ಪಂಪಿನ ಡಿಸ್ಚಾರ್ಜ್ ಒತ್ತಡಕ್ಕಿಂತ ಹೆಚ್ಚಿನ ಒತ್ತಡದ ಶುದ್ಧ ನೀರು ಎಡೆಬಿಡದೆ ಬೇಕು. ಬಯಲುಸೀಮೆಯ ಘಟಕಗಳಲ್ಲಿ ಆ ನೀರೇ ತುಟ್ಟಿ, ಮೇಲಾಗಿ ಅದು ಸ್ಲರಿಯನ್ನು ತೆಳುಗೊಳಿಸುತ್ತದೆ. ಎಕ್ಸ್‌ಪೆಲ್ಲರ್ (ಸೀಲಿನತ್ತ ಬರುವ ಸ್ಲರಿಯನ್ನು ಹಿಂದಕ್ಕೆ ತಳ್ಳುವ ಚಿಕ್ಕ ಇಂಪೆಲ್ಲರ್) ಹಾಕಿದರೆ ನೀರು ಬೇಡ ಅಥವಾ ಬಹಳ ಕಡಿಮೆ ಸಾಕು. ಆದರೆ ಸಕ್ಷನ್ ಕಡೆಯ ಒತ್ತಡ ಹೆಚ್ಚಿದ್ದಲ್ಲಿ ಅದು ನಡೆಯದು, ಪಂಪು ನಿಂತಾಗ ಸೋರಿಕೆ ತಡೆಯುವ ಶಕ್ತಿಯೂ ಅದಕ್ಕಿಲ್ಲ. ಮೆಕ್ಯಾನಿಕಲ್ ಸೀಲ್ ಅಚ್ಚುಕಟ್ಟು, ಬೆಲೆ ಹೆಚ್ಚು, ಒರಟು ನಿರ್ವಹಣೆಯನ್ನು ಸಹಿಸುವುದಿಲ್ಲ.

ಸಂಪಿನ ತಳ ಪಂಪಿನ ಕಡೆಗೆ ಇಳಿಜಾರಾಗಿರಬೇಕು, ಬೀಳುವ ಸ್ಲರಿ ಗಾಳಿಯನ್ನು ನೇರ ಸಕ್ಷನ್ನಿಗೆ ಒಯ್ಯಬಾರದು. ಫ್ಲೋಟೇಶನ್ ವಿಭಾಗದ ನೊರೆಗಂತೂ ಬೇರೆಯೇ ಪಂಪು. ಗಾಳಿ ಸೇರಿ ಸ್ಲರಿಯ ಗಾತ್ರ ಒಂದೂವರೆಯಿಂದ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಆಗಿರುತ್ತದೆ. ಆ ಪಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡು, ಅಗಲ ಬಾಯಿಯ ಪಂಪು ಆರಿಸಬೇಕು.

ದೂರ ಸಾಗಿಸುವಾಗ

ಟೇಲಿಂಗ್ಸ್ ಕಟ್ಟೆ ಕಿಲೋಮೀಟರುಗಳಾಚೆ ಇದ್ದರೆ ಒಂದೇ ಪಂಪನ್ನು ಅತಿವೇಗದಲ್ಲಿ ಓಡಿಸುವುದಕ್ಕಿಂತ ಹಲವು ಪಂಪುಗಳನ್ನು ಸಾಲಾಗಿ ಜೋಡಿಸುವುದು ವಾಡಿಕೆ. ಕೊನೆಯ ಪಂಪಿನ ಕವಚ ಒಟ್ಟು ಒತ್ತಡವನ್ನು ತಾಳಬೇಕು, ಅದರ ಗ್ಲಾಂಡ್ ನೀರೂ ಅಷ್ಟೇ ಒತ್ತಡದ್ದಾಗಿರಬೇಕು. ಹತ್ತಾರು ಕಿಲೋಮೀಟರ್ ದಾಟಿಸುವ ಕೊಳವೆಗಳಿಗೆ ಸಾಮಾನ್ಯವಾಗಿ ಪಿಸ್ಟನ್ ಮಾದರಿಯ ಪಂಪುಗಳು ಬೇಕಾಗುತ್ತವೆ. ಕರ್ನಾಟಕದಲ್ಲಿ ಸ್ಲರಿಯ ದೂರದ ಸಾಗಣೆಗೆ ದೊಡ್ಡ ಉದಾಹರಣೆ ಕುದುರೆಮುಖ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅಲ್ಲಿನ ಮ್ಯಾಗ್ನಟೈಟ್ ಸಾರ ಸ್ಲರಿಯ ರೂಪದಲ್ಲೇ ಘಟ್ಟ ಇಳಿದು, ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಮ್ಯಾಗ್ನಟೈಟಿನ ಸಾಪೇಕ್ಷ ಸಾಂದ್ರತೆ 5ರ ಸುತ್ತಮುತ್ತ, ತೂಕದಲ್ಲಿ ಶೇ. 60 ಘನವಿರುವ ಅದರ ಸ್ಲರಿ ನೀರಿನ ಸುಮಾರು 1.9 ಪಟ್ಟು ಭಾರ.

ಟೆಂಡರಿನಲ್ಲಿ ಕೇಳಬೇಕಾದ್ದು

ಕಡಿಮೆ ಬೆಲೆ ಕೋಟ್ ಮಾಡಿದವರಿಗೆ ಆದೇಶ ಕೊಡುವ ಪದ್ಧತಿ ಸ್ಲರಿ ಪಂಪಿನ ವಿಷಯದಲ್ಲಿ ಘಟಕಕ್ಕೆ ನಷ್ಟ ತರುವ ಪದ್ಧತಿ. ನಮ್ಮ ಉದಾಹರಣೆಯ ಪಂಪು ವರ್ಷಕ್ಕೆ 8,000 ಗಂಟೆ ಓಡಿದರೆ ನಾಲ್ಕು ಲಕ್ಷಕ್ಕೂ ಮೀರಿ ಯೂನಿಟ್ ವಿದ್ಯುತ್ ತಿನ್ನುತ್ತದೆ. ನೀರಿನಲ್ಲಿನ ದಕ್ಷತೆ ಶೇ. 65ರ ಬದಲು 60 ಇದ್ದರೆ ವರ್ಷಕ್ಕೆ ಇನ್ನೂ ಸುಮಾರು 35,000 ಯೂನಿಟ್. ಇಂಪೆಲ್ಲರ್, ಲೈನರುಗಳ ಬದಲಾವಣೆ, ಅದಕ್ಕಾಗಿ ಮಿಲ್ಲು ನಿಲ್ಲುವ ಗಂಟೆಗಳು ಬೇರೆ.

ಆದ್ದರಿಂದ ವಿಚಾರಣಾ ಪತ್ರದಲ್ಲೇ ಸ್ಪಷ್ಟವಾಗಿ ಕೇಳಬೇಕು: ಕೆಲಸದ ಬಿಂದುವಿನಲ್ಲಿ ಸ್ಲರಿಯ ಮೇಲಿನ ದಕ್ಷತೆ ಎಷ್ಟು, ಇಂಪೆಲ್ಲರ್ ಅಂಚಿನ ವೇಗ ಎಷ್ಟು, ಸವೆಯುವ ಭಾಗಗಳ ತೂಕ ಮತ್ತು ದಪ್ಪ ಎಷ್ಟು, ಅವು ಎಷ್ಟು ಗಂಟೆ ಬಾಳುತ್ತವೆ, ಆ ಅಂದಾಜಿಗೆ ಯಾವ ಅದಿರಿನ ಅನುಭವ ಆಧಾರ, ಬಿಡಿಭಾಗ ಎಷ್ಟು ವಾರಗಳಲ್ಲಿ ಬರುತ್ತದೆ. ಮೂಲ ತಯಾರಕರದ್ದಲ್ಲದ ಅಗ್ಗದ ಬಿಡಿಭಾಗ ಕೊಳ್ಳುವವರು ಅದರ ಗಡಸುತನವನ್ನು, ರಾಸಾಯನಿಕ ಅಂಶಗಳನ್ನು ತಾವೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೈಕ್ಲೋನ್ ಫೀಡಿನಂಥ ಜಾಗದಲ್ಲಿ ಓಡುವ ಪಂಪಿನ ಪಕ್ಕದಲ್ಲಿ ಸಿದ್ಧವಾದ ಇನ್ನೊಂದು ಪಂಪು, ಎರಡಕ್ಕೂ ಹೊಂದುವ ಒಂದೇ ಅಳತೆಯ ಬಿಡಿಭಾಗ ಇರಲೇಬೇಕು. ಪಂಪು ಓಡತೊಡಗಿದ ಮೇಲೆ ಪ್ರತಿ ಇಂಪೆಲ್ಲರ್ ಹಾಕಿದ ದಿನ, ತೆಗೆದ ದಿನ, ಓಡಿದ ಗಂಟೆ, ಸವೆದ ಜಾಗ, ಉಳಿದ ತೂಕವನ್ನು ಬರೆದಿಡಬೇಕು. ಮುಂದಿನ ಟೆಂಡರ್ ಬರುವಾಗ ಬೇರೆ ಅದಿರಿನ ಮೇಲೆ ಮಾಡಿದ ಪರೀಕ್ಷೆಗಳಿಗಿಂತ ಸ್ವಂತ ಘಟಕದ ಅದಿರು ಬರೆಸಿದ ಆ ಪುಸ್ತಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.